ಒಂದು ಮಾಳಿಗೆ ಮನೆಯ ಹಿಸ್ಸೆ: ತೊಲೆ, ಕಲ್ಲು, ಮಣ್ಣು ಎಲ್ಲೆಲ್ಲಿಗೆ ಹೋದವು

ಕೊಪ್ಪಳ ತಾಲ್ಲೂಕಿನ ಅಳವಂಡಿ ಸೀಮೆಯ ಎರೆ (ಕಪ್ಪು ಮಣ್ಣಿನ) ಹೊಲಗಳ ನಡುವಿನ ಹಳ್ಳಿಯೊಂದರಲ್ಲಿ 12 ಅಂಕಣದ (ಕಂಬದಿಂದ ಕಂಬಕ್ಕೆ ಒಂದು ಅಂಕಣ) ಮಾಳಿಗೆ ಮನೆ, ಅಂದರೆ ಮಣ್ಣಿನ ಚಪ್ಪಟೆ ಸೂರಿನ ಮನೆ. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ತೇಗ ಮತ್ತು ಬೇವಿನ ತೊಲೆ, ತೊಲೆಗಳ ಮೇಲೆ ಅಡ್ಡ ಹಾಸಿದ ಜಂತಿ, ಅದರ ಮೇಲೆ ಒಂದಡಿ ಮಣ್ಣು. ತಂದೆ ತೀರಿದ ಮೇಲೆ ಅಣ್ಣ ತಮ್ಮಂದಿರಲ್ಲಿ ಹಿಸ್ಸೆಯಾಯಿತು. ತಲಬಾಗಿಲು, ಪಡಸಾಲೆ, ದನ ಕಟ್ಟುವ ಜಾಗ ಇರುವ ಮುಂದಿನ ಅರ್ಧ ಅಣ್ಣನ ಪಾಲಿಗೆ ಬಂತು. ಅಡುಗೆಮನೆ, ಕಾಳು ಇಡುವ ಕೋಣೆಗಳು, 1990ರ ದಶಕದಲ್ಲಿ ಸಿಮೆಂಟಿನಿಂದ ಸೇರಿಸಿದ ಬಚ್ಚಲು ಇರುವ ಹಿಂದಿನ ಅರ್ಧ ತಮ್ಮನ ಪಾಲಿಗೆ. ಅಣ್ಣನದು ಒಕ್ಕಲುತನ, ತಮ್ಮ ಶಾಲೆ ಮಾಸ್ತರ. ಅಣ್ಣನಿಗೆ ತನ್ನ ಭಾಗ ಇದ್ದಂತೆಯೇ ಉಳಿಯಬೇಕು, ಸೋರುವುದು ನಿಲ್ಲಬೇಕು, ಅಷ್ಟೆ. ಮಾಸ್ತರರಿಗೆ ತಮ್ಮ ಭಾಗ ನೆಲಸಮವಾಗಿ ಅಲ್ಲಿ ಆರ್‌ಸಿಸಿ ಮನೆ ಏಳಬೇಕು, ಮುಂದೆ ಮೇಲೊಂದು ಮಹಡಿ ಬರಬೇಕು.

ನನ್ನನ್ನು ಕರೆದದ್ದು ಹೊಸ ಮನೆಯ ನಕ್ಷೆಗೆ. ಆ ಹೊತ್ತಿಗೆ ಹಳೇ ಮನೆ ಕೆಡವುವವನು ಬಂದು ನೋಡಿಕೊಂಡು ಹೋಗಿದ್ದ. ಎರಡು ದಿನದಲ್ಲಿ ಜೆಸಿಬಿ ಹಚ್ಚಿ ನೆಲ ಮಾಡಿ ಕೊಡುವುದು, ಕಟ್ಟಿಗೆಯೆಲ್ಲ ತಾನು ಒಯ್ಯುವುದು, ಅದಕ್ಕೆ ಬದಲಾಗಿ ಮಾಸ್ತರರ ಕೈಗೆ ಒಂದಿಷ್ಟು ರೊಕ್ಕ ಕೊಡುವುದು, ಮಣ್ಣು-ಕಲ್ಲು ಹಳ್ಳದ ದಂಡೆಗೆ ಸುರಿಯುವುದು. ನಮ್ಮ ಕಡೆ ಹಳೇ ಮನೆಗಳು ಹೋಗುವುದು ಹೆಚ್ಚಾಗಿ ಹೀಗೆಯೇ. ಮಾಲೀಕನಿಗೆ ಇದು ಲಾಭದ ಹಾಗೆ ಕಾಣುತ್ತದೆ, ಏಕೆಂದರೆ ಕೆಡವಿಸಲು ಕೈಯಿಂದ ದುಡ್ಡು ಹೋಗುವ ಬದಲು ಕೈಗೆ ದುಡ್ಡು ಬರುತ್ತಿದೆ. ಅದೇ ತೇಗ, ಅದೇ ಕಲ್ಲನ್ನು ಆರು ತಿಂಗಳ ನಂತರ ಅಂಗಡಿಯಿಂದಲೂ ಕ್ವಾರಿಯಿಂದಲೂ ಕೊಂಡು ತರುವಾಗ ಈ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ.

ಹಳೇ ಸಾಮಾನಿನ ಮರುಬಳಕೆಯ ಬಗ್ಗೆ ಮಾತನಾಡುವವರು ನಕ್ಷೆ, ಚೆಂದ, ಪರಂಪರೆ ಎನ್ನುತ್ತಾರೆ. ನನ್ನ ಅನುಭವದಲ್ಲಿ ಅದರ ಮುಕ್ಕಾಲು ಪಾಲು ತೀರ್ಮಾನವಾಗುವುದು ಕೆಡವುವವನ ಕರಾರಿನಲ್ಲಿ. ಸಾಮಾನು ಯಾರದು, ಯಾವುದನ್ನು ಕೈಯಿಂದ ಬಿಚ್ಚಬೇಕು, ಯಾವ ಕ್ರಮದಲ್ಲಿ, ಬಿಚ್ಚಿದ್ದನ್ನು ಎಲ್ಲಿ ಒಟ್ಟಬೇಕು: ಈ ನಾಲ್ಕು ಮಾತು ಬಾಯಲ್ಲಿ ಉಳಿದರೆ ಮರುಬಳಕೆ ಆಗುವುದಿಲ್ಲ. ಇದೇನು ಹೊಸ ವಿಚಾರವೂ ಅಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕೆಡವುವ ಕೆಲಸದ ವಿವರಣೆಯೊಳಗೇ, ಬಳಕೆಗೆ ಬರುವ ಸಾಮಗ್ರಿಯನ್ನು 50 ಮೀಟರಿನೊಳಗೆ ಒಟ್ಟಿಡಬೇಕು, ಬಾರದ್ದನ್ನು ವಿಲೇವಾರಿ ಮಾಡಬೇಕು ಎಂಬ ಮಾತಿದೆ. ಖಾಸಗಿ ಮನೆಯ ಕರಾರಿನಲ್ಲಿ ಮಾತ್ರ ಅದು ಕಾಣುವುದಿಲ್ಲ, ಏಕೆಂದರೆ ಅಲ್ಲಿ ಕರಾರೇ ಇರುವುದಿಲ್ಲ.

ಆದ್ದರಿಂದ ನಕ್ಷೆ ಬದಿಗಿಟ್ಟು ಮೊದಲು ಕರಾರು ಬರೆದೆವು. ಮಾಳಿಗೆಯ ಮಣ್ಣು, ಜಂತಿ, ತೊಲೆ, ಕಂಬ, ಚೌಕಟ್ಟುಗಳನ್ನು ಆಳುಗಳು ಕೈಯಿಂದಲೇ ಇಳಿಸಬೇಕು. ಗೋಡೆಯ ಕಲ್ಲನ್ನು ಹಾರೆಯಿಂದ ಬಿಚ್ಚಬೇಕು. ಬುನಾದಿಗೆ ಮಾತ್ರ ಜೆಸಿಬಿ. ಕಟ್ಟಿಗೆಯೆಲ್ಲ ಮನೆಯವರದು, ಅವನಿಗೆ ದಿನಗೂಲಿಯ ಲೆಕ್ಕ. ಅವನು ಒಲ್ಲೆನೆಂದ. ಕಡೆಗೆ ಸಿಮೆಂಟು ಬಚ್ಚಲಿನ ಕಬ್ಬಿಣ ಮತ್ತು ತುಂಡು ಕಟ್ಟಿಗೆ ಅವನಿಗೆ ಎಂದು ಸೇರಿಸಿದ ಮೇಲೆ ಒಪ್ಪಿದ. ಒಪ್ಪಿದ್ದು ಮನಸಾರೆ ಏನಲ್ಲ. “ಎರಡು ದಿನದ ಕೆಲಸಕ್ಕ ಎರಡು ವಾರ ತಗೋತೀರಲ್ರೀ ಮಾಸ್ತರ” ಎಂದು ದಿನಾಲೂ ಒಂದು ಸಲ ಅನ್ನದೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ.

ಕಾನೂನಿನ ಮಾತೂ ಇಲ್ಲಿ ಒಂದಿದೆ. ಕಟ್ಟಡದ ತ್ಯಾಜ್ಯದ ಬಗ್ಗೆ 2016ರಲ್ಲಿ ಬಂದ ಕೇಂದ್ರದ ನಿಯಮಗಳು, ಒಂದು ದಿನಕ್ಕೆ 20 ಟನ್ ಇಲ್ಲವೆ ತಿಂಗಳಿಗೆ 300 ಟನ್ ಮೀರಿ ತ್ಯಾಜ್ಯ ಹೊರಡಿಸುವವರು ಕಾಂಕ್ರೀಟು, ಮಣ್ಣು, ಕಟ್ಟಿಗೆ-ಕಬ್ಬಿಣ, ಇಟ್ಟಿಗೆ-ಗಾರೆ ಎಂದು ಬೇರೆ ಬೇರೆ ಮಾಡಬೇಕು ಎಂದವು. ಅದು ಬೆಂಗಳೂರಿನ ದೊಡ್ಡ ಬಿಲ್ಡರುಗಳಿಗೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಈ ಅರ್ಧ ಮನೆಯ ಮಾಳಿಗೆಯ ಮಣ್ಣೊಂದೇ ಲೆಕ್ಕ ಹಾಕಿದರೆ 20 ಟನ್ ದಾಟುತ್ತದೆ. ಜೆಸಿಬಿ ಹಚ್ಚಿ ಎರಡು ದಿನದಲ್ಲಿ ಮುಗಿಸಿದ್ದರೆ, ಅಳವಂಡಿ ಸೀಮೆಯ ಮಾಸ್ತರರೂ ಆ ಮಿತಿ ಮೀರಿದವರ ಸಾಲಿಗೆ ಸೇರುತ್ತಿದ್ದರು.

ತೊಲೆಗಳ ಲೆಕ್ಕ

ಹಿಂದಿನ ಭಾಗದ ತೊಲೆಗಳು 12 ಅಡಿ ಉದ್ದದವು. ಎರಡೂ ತುದಿ ಒಂದೊಂದಡಿ ಗೋಡೆಯೊಳಗೆ, ನಡುವೆ 10 ಅಡಿ ಬಯಲು. ಬಡಿಗೇರರನ್ನು ಕರೆದು ತೋರಿಸಿದೆವು. ಅವರು ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋದರು, ಸಪ್ಪಗೆ ಸದ್ದು ಬಂದಲ್ಲಿ ಸಣ್ಣ ಡ್ರಿಲ್ಲು ಹಾಕಿ ಹೊರಬರುವ ಪುಡಿ ನೋಡಿದರು. ಗಟ್ಟಿ ಕಟ್ಟಿಗೆಯಿಂದ ಸುರುಳಿ ಸುರುಳಿಯಾಗಿ ಹೊಟ್ಟು ಬರುತ್ತದೆ, ಕೊಳೆತದ್ದರಿಂದ ಕಂದು ಹಿಟ್ಟು. “ಹೊಟ್ಟಿ ಗಟ್ಟಿ ಐತ್ರಿ ಸರ, ತುದಿ ಅಷ್ಟ ಹೋಗೈತಿ” ಎಂದರು. ಹೆಚ್ಚುಕಡಿಮೆ ಎಲ್ಲ ತೊಲೆಗಳದೂ ಇದೇ ಕಥೆ.

ಮುಂದಿನ ಭಾಗದ ತೊಲೆಗಳೂ ಅಷ್ಟೇ ಹಳೆಯವು, ಅವುಗಳ ತುದಿ ಮಾತ್ರ ಚೆನ್ನಾಗಿದ್ದವು. ಕಾರಣ ಗೋಡೆಯಲ್ಲಿತ್ತು. ಬಚ್ಚಲು ಕಟ್ಟಿಸಿದ ಕಾಲದಲ್ಲಿ ಹಿಂದಿನ ಗೋಡೆಗಳಿಗೆ ಒಳಗೂ ಹೊರಗೂ ಸಿಮೆಂಟು ಗಿಲಾವು ಹೊಡೆಸಿದ್ದರು. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಮೈಯಿಂದ ಅದನ್ನು ಆರಿಸಿಕೊಳ್ಳುತ್ತದೆ. ಮೈಗೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಮೇಲೇರುತ್ತದೆ, ಮೇಲೆ ಅದಕ್ಕೆ ಸಿಗುವುದು ತೊಲೆಯ ತುದಿ. ಗೋಡೆ ‘ಭದ್ರ’ವಾಗಲಿ ಎಂದು ಮಾಡಿಸಿದ ಕೆಲಸವೇ ಮಾಳಿಗೆಯನ್ನು ತಿಂದಿತ್ತು. ಇದನ್ನು ಕಂಡ ಅಣ್ಣ, ತನ್ನ ಭಾಗದ ಎರಡು ಗೋಡೆಗೆ ಹೋದ ವರ್ಷ ಹೊಡೆಸಿದ್ದ ಸಿಮೆಂಟನ್ನು ಅದೇ ವಾರ ಕೆತ್ತಿಸಿ ಹಾಕಿದ.

ತುದಿ ಕೊಳೆತ ತೊಲೆಯನ್ನು ಏನು ಮಾಡುವುದು? ಎರಡೂ ಕಡೆ ಒಂದೊಂದಡಿ ಕತ್ತರಿಸಿದರೆ 10 ಅಡಿ ಉಳಿಯಿತು. ಹೊಸದಾಗಿ ಕೂರಿಸಲು ಮತ್ತೆ ಎರಡೂ ಕಡೆ ಒಂದೊಂದಡಿ ಬೇಕು, ಅಂದರೆ ನಡುವಿನ ಬಯಲು 8 ಅಡಿ. ಮಾಸ್ತರರು ಬೇಸರಪಟ್ಟರು, ಕೋಣೆ ಸಣ್ಣದಾಯಿತಲ್ಲ ಎಂದು. ಆದರೆ ತೊಲೆಯ ಮೇಲೆ ಬೀಳುವ ಬಾಗಿಸುವ ಬಲ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. 10 ಅಡಿಯಿಂದ 8 ಅಡಿಗೆ ಇಳಿದರೆ, ಅದೇ ಭಾರಕ್ಕೆ ಆ ಬಲ 100ರಿಂದ 64ಕ್ಕೆ ಇಳಿಯುತ್ತದೆ. ಜೋಲುವಿಕೆಯಂತೂ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಭಾರವೂ ಅದೇ ಉಳಿಯಲಿಲ್ಲ. ಮಣ್ಣಿನ ಮಾಳಿಗೆ ಹಗುರ, ಆರ್‌ಸಿಸಿ ಭಾರ ಎಂಬ ನಂಬಿಕೆ ಊರಲ್ಲಿದೆ, ಕೆಲವು ಎಂಜಿನಿಯರುಗಳಲ್ಲೂ ಇದೆ. ಒಂದಡಿ ಮಣ್ಣು ಒಂದು ಚದರ ಮೀಟರಿಗೆ ಸುಮಾರು 500 ಕಿಲೊ ತೂಗುತ್ತದೆ, 5 ಇಂಚಿನ ಆರ್‌ಸಿಸಿ ಸ್ಲ್ಯಾಬು 310 ಕಿಲೊ ಆಸುಪಾಸು. ಈ ತೊಲೆಗಳು ಇಷ್ಟು ಕಾಲ ಸ್ಲ್ಯಾಬಿಗಿಂತ ಹೆಚ್ಚು ಭಾರ ಹೊತ್ತು ನಿಂತಿದ್ದವು. ನಾವು ಅವುಗಳ ಮೇಲೆ ಹಾಕಲು ಯೋಚಿಸಿದ್ದು ಜಂತಿ, ಜಂತಿಯ ಮೇಲೆ ತೆಳು ಶಹಾಬಾದ್ ಫರಸಿ, ಅದರ ಮೇಲೆ 3 ಇಂಚು ಸುಣ್ಣದ ಗಚ್ಚು (ಸುಣ್ಣ, ಇಟ್ಟಿಗೆ ಚೂರು ಕಲಸಿ ಬಡಿದ ಪದರು). ಇದೆಲ್ಲ ಸೇರಿ 220 ಕಿಲೊ ಸುತ್ತಮುತ್ತ. ಉದ್ದವೂ ಕಡಿಮೆ, ಭಾರವೂ ಕಡಿಮೆ. ಮಾಳಿಗೆಯ ಸ್ವಂತ ಭಾರವೊಂದನ್ನೇ ನೋಡಿದರೆ, ತೊಲೆ ಮೊದಲು ತಡೆದುಕೊಂಡಿದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆಯನ್ನು ಈಗ ತಡೆಯಬೇಕು. ಹಳೇ ಕಟ್ಟಿಗೆಯ ತಾಕತ್ತಿನ ಬಗ್ಗೆ ಪ್ರಮಾಣಪತ್ರ ಕೊಡುವವರು ಕೊಪ್ಪಳದಲ್ಲಿ ಇಲ್ಲ. ಹಾಗಿರುವಾಗ ಹಿಂದೆ ಹೊತ್ತ ಭಾರಕ್ಕಿಂತ ತೀರ ಕಡಿಮೆ ಭಾರ ಹೊರಿಸುವುದೇ ನನಗೆ ಕಂಡ ಸುರಕ್ಷಿತ ದಾರಿ.

ಇಲ್ಲಿಗೆ ನಕ್ಷೆಯೂ ತಾನಾಗಿ ಬಂತು. ಮಹಡಿ ಬರಬೇಕಾದ ಎರಡು ಕೋಣೆ, ಅಡುಗೆಮನೆ, ಬಚ್ಚಲು ಆರ್‌ಸಿಸಿ. ಅವುಗಳ ಮುಂದೆ ಮೂರು ಅಂಕಣದ ಪಡಸಾಲೆ, ಅಂಕಣಕ್ಕೆ 8 ಅಡಿ, ಹಳೇ ಕಂಬ, ಕಂಬದ ತಲೆಯ ಮೇಲೆ ತೊಲೆ ಹೊರುವ ಹಳೇ ಬೋದಿಗೆ, ಹಳೇ ತೊಲೆ. ಪಡಸಾಲೆಯ ಮೇಲೆ ಮಹಡಿ ಎಂದೂ ಕಟ್ಟುವಂತಿಲ್ಲ ಎಂದು ನಕ್ಷೆಯ ಮೇಲೆಯೇ ಬರೆದುಕೊಟ್ಟೆ. ತೊಲೆಯ ತುದಿ ಗೋಡೆಗೆ ಬರುವಲ್ಲಿ ಕೆಳಗೆ ಹಾಸುಗಲ್ಲು, ಮೂರೂ ಕಡೆ ಒಂದು ಬೆರಳು ಗಾಳಿ ಆಡುವ ಸಂದು, ಗಾರೆ ಮೆತ್ತುವಂತಿಲ್ಲ. ಕತ್ತರಿಸಿದ ತುದಿಗಳಿಗೆ ಬೋರಾಕ್ಸು, ಬೋರಿಕ್ ಆಸಿಡ್ಡು ಕಲಸಿದ ನೀರನ್ನು ಹೀರುವಷ್ಟೂ ಹಚ್ಚಿದೆವು. ಅದು ಗೆದ್ದಲಿಗೂ ಕೊರೆಯುವ ಹುಳಕ್ಕೂ ಆಗುತ್ತದೆ, ಮಳೆಗೆ ನೇರ ಸಿಕ್ಕರೆ ಮಾತ್ರ ತೊಳೆದು ಹೋಗುತ್ತದೆ.

ಮಣ್ಣು ಒಂದೇ ಮಣ್ಣಲ್ಲ

ಕರಾರಿನಲ್ಲಿ ಆಳುಗಳಿಗೆ ಅತಿ ವಿಚಿತ್ರವಾಗಿ ಕಂಡದ್ದು ಮಾಳಿಗೆಯ ಮಣ್ಣನ್ನು ಎರಡು ಗುಂಪೆ ಮಾಡಬೇಕೆಂಬ ಮಾತು. ಮೇಲಿನ ಗೇಣುದ್ದ ಸವಳು ಮಣ್ಣು. ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಪ್ರತಿ ವರ್ಷ ಸವಳು ತಂದು ಮಾಳಿಗೆಗೆ ಹರಡುವುದು ಇಲ್ಲಿನ ರೂಢಿ. ಸೋಡಿಯಂ ಹೆಚ್ಚಿರುವ ಆ ಮಣ್ಣಿನ ಜೇಡಿ ನೀರು ಬಿದ್ದೊಡನೆ ಕಣಕಣವಾಗಿ ಬಿಚ್ಚಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ, ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಬೆಳೆ ಕೊಲ್ಲುವ ಗುಣವೇ ಮಾಳಿಗೆಯಲ್ಲಿ ಮನೆ ಕಾಯುತ್ತದೆ. ಆದರೆ ಆ ಮಣ್ಣು ಇಟ್ಟಿಗೆಗೂ ಗಿಲಾವಿಗೂ ಸಲ್ಲದು. ಉಪ್ಪು ಗೋಡೆಯ ಮೈಮೇಲೆ ಬೆಳ್ಳಗೆ ಉಕ್ಕಿ ಪದರು ಉದುರುತ್ತದೆ. ಹಾಗಾಗಿ ಸವಳೆಲ್ಲ ಅಣ್ಣನ ಮಾಳಿಗೆಗೆ ಏರಿತು. ಆ ವರ್ಷ ಅವನು ಹೊರಗಿಂದ ಒಂದು ಬಂಡಿ ಸವಳೂ ತರಲಿಲ್ಲ.

ಕೆಳಗಿನ ಪದರು ಮತ್ತು ಗೋಡೆಯ ಕೆಸರಿನ ಮಣ್ಣು ಕೆಂಪು ಬೆರೆತದ್ದು. ಅದನ್ನು ಜರಡಿ ಹಿಡಿದು ಒತ್ತಿನ ಮಣ್ಣಿನ ಇಟ್ಟಿಗೆ ಮಾಡಿಸಬೇಕೆಂಬುದು ನನ್ನ ಆಸೆಯಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಘಟಕ ಈ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದೆ. ಸಿಮೆಂಟು ಬೆರೆಸಿ ಒತ್ತಬೇಕಾದರೆ ಮಣ್ಣಿನಲ್ಲಿ ಮರಳಿನ ಪಾಲು ಹೆಚ್ಚಿರಬೇಕು, ಎರೆಯ ಜೇಡಿ ಇರಬಾರದು. ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಇಟ್ಟು ನೋಡಿದರೆ ಈ ಮಣ್ಣಿನಲ್ಲಿ ಎರೆ ಸಾಕಷ್ಟಿತ್ತು. ತಲೆಮಾರುಗಳ ಕಾಲ ತೇಪೆ ಹಾಕುವಾಗ ಕೈಗೆ ಸಿಕ್ಕ ಹೊಲದ ಮಣ್ಣನ್ನೇ ಬಳಸಿದ್ದರು. ಎರೆ ನೀರಿಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಸಿಮೆಂಟಿನ ಮಾತು ಕೇಳುವುದಿಲ್ಲ. ಇಟ್ಟಿಗೆಯ ಯೋಚನೆ ಬಿಟ್ಟು, ಆ ಮಣ್ಣಿಗೆ ಸುಣ್ಣ, ಮರಳು, ಹೊಟ್ಟು ಬೆರೆಸಿ ಕೊಳೆಹಾಕಿ ಅಣ್ಣನ ಒಳಗೋಡೆಯ ಗಿಲಾವಿಗೆ ಬಳಸಿದೆವು. ಉಳಿದದ್ದು ಅಂಗಳ ಎತ್ತರಿಸಲು ಹೋಯಿತು.

ಕಲ್ಲಿನ ಮಾತು ಬೇಗ ಮುಗಿಯುತ್ತದೆ. ಮಣ್ಣಿನ ಗಾರೆಯ ಗೋಡೆ ಕಲ್ಲಿಗೆ ಗಾಯವಿಲ್ಲದೆ ಬಿಚ್ಚಿಕೊಂಡಿತು. ಎರಡಡಿ ಗೋಡೆಯಿಂದ ಬಂದ ಕಲ್ಲು ಹೊಸ ಬುನಾದಿಗೂ ಪಡಸಾಲೆಯ ಗೋಡೆಗೂ ಆಗಿ ಮಿಕ್ಕಿತು. ಎರೆ ನೆಲವಾದ್ದರಿಂದ ಗರಸು (ಗಟ್ಟಿ ಕಲ್ಲುಮಣ್ಣು) ಸಿಗುವವರೆಗೆ ತೋಡಬೇಕಿತ್ತು, ಬುನಾದಿ ಆಳವಾಯಿತು, ಕಲ್ಲು ಅಲ್ಲೇ ಹೆಚ್ಚು ಹಿಡಿಯಿತು. ಹೊಸ ಸೈಜುಗಲ್ಲು ಒಂದು ಟ್ರ್ಯಾಕ್ಟರೂ ಕೊಳ್ಳಲಿಲ್ಲ.

ಸಿಮೆಂಟು ಬಚ್ಚಲು ಇದಕ್ಕೆ ಪೂರ್ತಿ ಉಲ್ಟಾ. ಇಡೀ ಮನೆಯಲ್ಲಿ ತೀರ ಹೊಸದು ಅದೇ, ಕೆಲಸಕ್ಕೆ ಬಾರದ್ದೂ ಅದೇ. ಸಿಮೆಂಟು ಗಾರೆ ಇಟ್ಟಿಗೆಗಿಂತ ಗಟ್ಟಿ, ಆದ್ದರಿಂದ ಬಿಡಿಸಲು ಹೋದರೆ ಒಡೆಯುವುದು ಇಟ್ಟಿಗೆ. ಹೀಗೆ ಬಂದ ಚೂರನ್ನು ಪಡಸಾಲೆಯ ಮೇಲಿನ ಗಚ್ಚಿಗೆ ಹಾಕಿದೆವು, ಗಾರೆ ಅಂಟಿಕೊಂಡಿದ್ದರೂ ಅಲ್ಲಿ ನಡೆಯುತ್ತದೆ. ಕಾಂಕ್ರೀಟಿನ ತುಂಡುಗಳು ನೆಲದ ಕೆಳಗಿನ ಭರ್ತಿಗೆ. ಅದನ್ನು ಕುಟ್ಟಿ ಜಲ್ಲಿಯಾಗಿ ಬಳಸಬಹುದಲ್ಲ ಎಂದು ಮಾಸ್ತರರು ಎಲ್ಲೋ ಓದಿ ಬಂದು ಕೇಳಿದರು. 2016ರ ಐಎಸ್ 383 ಮಾನಕ ಅದಕ್ಕೆ ಅವಕಾಶ ಕೊಡುತ್ತದೆ: ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಎಂ25 ಬಲದ ದರ್ಜೆಯವರೆಗೆ ಜಲ್ಲಿಯ ನೂರಕ್ಕೆ 20 ಪಾಲು, ಕಬ್ಬಿಣವಿಲ್ಲದ್ದರಲ್ಲಿ 25 ಪಾಲು, ಬುನಾದಿಯಡಿಯ ಬಡ ಕಾಂಕ್ರೀಟಿನಲ್ಲಿ ಪೂರ್ತಿ ನೂರಕ್ಕೆ ನೂರು. ಆದರೆ ಅದು ಯಂತ್ರದಲ್ಲಿ ಒಡೆದು, ತೊಳೆದು, ಪರೀಕ್ಷಿಸಿದ ಜಲ್ಲಿಯ ಮಾತು. ಒಂದು ಬಚ್ಚಲಿನ ಅವಶೇಷಕ್ಕೆ ಆ ಉಸಾಬರಿ ಬೇಡವೆಂದೆ. ಕಬ್ಬಿಣದ ಸರಳುಗಳು ತುಕ್ಕು ಹಿಡಿದಿದ್ದವು. ನೆಟ್ಟಗೆ ಮಾಡಿ ಮತ್ತೆ ಹಾಕುವುದು ಈ ಕಡೆ ಗೌಂಡಿಗಳ ಅಭ್ಯಾಸ, ನಾನು ಬಿಡಲಿಲ್ಲ. ತೋರಣಗಲ್ಲು, ಗಿಣಿಗೇರಾ ಕಡೆ ಉಕ್ಕಿನ ಕುಲುಮೆಗಳಿರುವ ನಾಡಿದು. ಕಬ್ಬಿಣ ಕರಗಿ ಮತ್ತೆ ಕಬ್ಬಿಣವಾಗುತ್ತದೆ, ಗುಜರಿಗೆ ಹೋದರೆ ನಷ್ಟವಿಲ್ಲ. ಬಚ್ಚಲಿನ ಮೇಲಿದ್ದ ಆಸ್ಬೆಸ್ಟಾಸ್ ಶೀಟುಗಳನ್ನು ನೀರು ಹೊಡೆದು, ಬೋಲ್ಟು ಬಿಚ್ಚಿ, ಒಡೆಯದಂತೆ ಇಡಿಯಾಗಿ ಇಳಿಸಿದೆವು. ಅದರ ಎಳೆ ಉಸಿರಿಗೆ ಹೋಗಬಾರದು. ದನದ ನೆರಳಿಗಾದರೂ ಹಾಕೋಣವೆಂದು ಅಣ್ಣ ಕೇಳಿದ, ಬೇಡವೆಂದೆ.

ಕಟ್ಟಿಗೆ ಕಾಯುವುದು

ಬಿಚ್ಚಿದ ಪ್ರತಿ ತೊಲೆ, ಜಂತಿಯ ಮೇಲೆ ಕೆಂಪು ಜಾಜಿನಿಂದ ಗುರುತು ಹಾಕಿ ಕಲ್ಲಿನ ಮೇಲೆ ಎತ್ತರಿಸಿ ಒಟ್ಟಿದ್ದೆವು. ಕೆಡವಿದ್ದು ಸುಗ್ಗಿ ಮುಗಿದ ಮೇಲೆ. ಹೋಳಿ ಹುಣ್ಣಿಮೆ ಹತ್ತಿರವೇ ಇತ್ತು ಎಂಬುದನ್ನು ಯಾವ ಕರಾರೂ ನೆನಪಿಸಲಿಲ್ಲ. ಕಾಮದಹನಕ್ಕೆ ಕಟ್ಟಿಗೆ ಕದಿಯುವುದು ಹುಡುಗರ ಹಕ್ಕು, ಬೈಯುವಂತಿಲ್ಲ. ಬೆಳಗಾಗುವಷ್ಟರಲ್ಲಿ ಒಂದು ಹೊರೆ ಜಂತಿ ಮಾಯವಾಗಿತ್ತು. ಅಣ್ಣ ತಮ್ಮಂದಿರ ಅವ್ವ ಓಣಿಯ ತುದಿಗೆ ನಿಂತು ಬೈದದ್ದು ಬೈದದ್ದೇ. ಮಾಸ್ತರರ ಶಿಷ್ಯರೇ ಒಯ್ದಿದ್ದರು, ಅವರು ಶಾಲೆಯಲ್ಲಿ ಯಾರ ಮುಖವನ್ನೂ ನೋಡದಂತೆ ಎರಡು ದಿನ ಪಾಠ ಮಾಡಿದರಂತೆ. ತೊಲೆಗಳು ಹುಡುಗರ ಹೆಗಲಿಗೆ ಭಾರವಾದ್ದರಿಂದ ಉಳಿದವು. ಕಳೆದ ಜಂತಿಗಳ ಜಾಗಕ್ಕೆ ಕೊಪ್ಪಳದ ಹಳೇ ಸಾಮಾನಿನ ಅಂಗಡಿಯಿಂದ ತಂದು ಸರಿದೂಗಿಸಿದೆವು.

ಅವ್ವನ ಇನ್ನೊಂದು ತಕರಾರು ಇದಕ್ಕಿಂತ ಗಟ್ಟಿಯಾಗಿತ್ತು. ಮುರಿದ ಮನೆಯ ಹೊಸ್ತಿಲು ಹೊಸ ಮನೆಗೆ ಬರಬಾರದು. “ಕಂಬ ನಿಲ್ಲಸ್ರಿ, ತೊಲಿ ಏರಸ್ರಿ, ನಾ ಏನೂ ಅನ್ನಂಗಿಲ್ಲ. ಹೊಸ್ತಿಲಾ ಮಾತ್ರ ಹೊಸಾದು ಆಗಬೇಕು ನೋಡಪಾ.” ವಾದಕ್ಕೆ ಇಳಿಯಲಿಲ್ಲ. ಹಳೇ ಬಾಗಿಲುಗಳ ಎತ್ತರ ಹೇಗೂ ಐದಡಿ ಚಿಲ್ಲರೆ, ಮಾಸ್ತರರ ಹಣೆಗೆ ಸರಿಯಾಗಿ ತಾಗುವಷ್ಟು. ಹೊಸ್ತಿಲು ಬಿಟ್ಟು ಚೌಕಟ್ಟುಗಳನ್ನು ದೇವರ ಮನೆಗೆ, ಗೋಡೆಯ ಕಪಾಟುಗಳಿಗೆ ಬಳಸಿದೆವು. ಕೆತ್ತನೆ ಸವೆದಿದ್ದ ಎರಡು ಬೋದಿಗೆಗಳನ್ನು ಕಿನ್ನಾಳಕ್ಕೆ ಒಯ್ದು ಸರಿಮಾಡಿಸೋಣವೆಂದು ಯಾರೋ ಸಲಹೆ ಕೊಟ್ಟರು. ಕಿನ್ನಾಳದವರ ಕೈ ಹಗುರ ಕಟ್ಟಿಗೆಯ ಗೊಂಬೆ, ಬಣ್ಣಕ್ಕೆ ಹೆಸರಾದದ್ದು, ತೇಗದ ಬೋದಿಗೆ ಬಡಿಗೇರರ ಕೆಲಸ. ಸವೆದದ್ದನ್ನು ಸವೆದಂತೆಯೇ ಬಿಟ್ಟೆವು.

ದುಡ್ಡಿನ ಮಾತು

ಮರುಬಳಕೆ ಅಂದರೆ ಅಗ್ಗ ಎಂದು ಹೇಳಿ ಮನೆಯವರನ್ನು ಒಪ್ಪಿಸುವವರಿದ್ದಾರೆ. ನಾನು ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ಇಲ್ಲಿ ಕಲ್ಲು, ತೇಗದಲ್ಲಿ ಉಳಿದದ್ದು ನಿಜ, ಬಿಚ್ಚುವ ಕೂಲಿ, ಬಡಿಗೇರರ ಕೂಲಿ, ಸುಣ್ಣದ ಗಚ್ಚಿನ ಕೆಲಸದಲ್ಲಿ ಅದರ ದೊಡ್ಡ ಪಾಲು ಹೋಯಿತು. ರೊಕ್ಕ ಕ್ವಾರಿಗೆ, ಸಿಮೆಂಟು ಅಂಗಡಿಗೆ ಹೋಗುವ ಬದಲು ಅದೇ ಸೀಮೆಯ ಆಳುಗಳ ಕೈಗೆ ಹೋಯಿತು ಎಂಬುದು ಬೇರೆ ಮಾತು. ನನ್ನ ಮಟ್ಟಿಗೆ ಅದು ಸಣ್ಣದಲ್ಲ, ಆದರೆ ಸಾಲದ ಕಂತು ಕಟ್ಟುವವರಿಗೆ ಅದನ್ನು ಉಳಿತಾಯವೆಂದು ತೋರಿಸಲಾಗದು. ಸಾಲ ಕೊಟ್ಟ ಬ್ಯಾಂಕಿನ ಅಂದಾಜು ಪಟ್ಟಿಯಲ್ಲಿ ಹಳೇ ಸಾಮಾನಿಗೆ ಕಾಲಮ್ಮೇ ಇರಲಿಲ್ಲ. ಮಾಸ್ತರರ ಸ್ವಂತ ತೊಲೆಗಳಿಗೆ ಬೆಲೆ ಸೊನ್ನೆ, ಅವನ್ನು ಕೂರಿಸುವ ಕೂಲಿಗೆ ಸಾಲವಿಲ್ಲ. ಪಡಸಾಲೆಯ ಖರ್ಚನ್ನೆಲ್ಲ ಅವರು ಕೈಯಿಂದ ಹಾಕಿದರು. ಈ ಕಾಲಮ್ಮು ಬರುವವರೆಗೆ, ಸಾಲದ ಮೇಲೆ ಮನೆ ಕಟ್ಟುವ ಯಾರೂ ಹಳೇ ತೊಲೆ ಉಳಿಸಿಕೊಳ್ಳಲು ಮುಂದೆ ಬರುವುದಿಲ್ಲ ಎಂಬುದು ನನ್ನ ಗುಮಾನಿ.

ಗಚ್ಚಿನ ಬಗ್ಗೆ ಗೌಂಡಿಗಳಿಗೆ ಭರವಸೆಯೇ ಇರಲಿಲ್ಲ, ಸಿಮೆಂಟಿಲ್ಲದೆ ಮೇಲ್ಮೈ ನಿಲ್ಲುವುದುಂಟೇ ಎಂದು. ಮುನಿರಾಬಾದಿನಲ್ಲಿ ಕಣ್ಣೆದುರಿಗಿರುವ ತುಂಗಭದ್ರಾ ಅಣೆಕಟ್ಟನ್ನು ಕಟ್ಟಿದ್ದು ಕಲ್ಲು, ಸುಣ್ಣ, ಸುರ್ಕಿಯಿಂದ (ಸುಟ್ಟ ಇಟ್ಟಿಗೆಯ ಪುಡಿ), 1953ರಿಂದ ಅದು ನೀರು ಹಿಡಿದು ನಿಂತಿದೆ ಎಂದಾಗ ಹಿರಿಯ ಗೌಂಡಿಯೊಬ್ಬರು “ಅದು ಸರಕಾರದ್ದು ಬಿಡ್ರಿ” ಎಂದು ಮಾತು ಮುಗಿಸಿದರು. ಆದರೂ ಕೆಲಸ ಚೊಕ್ಕಟವಾಗಿ ಮಾಡಿಕೊಟ್ಟರು. ದಿನಾಲೂ ಬಡಿದು, ವಾರಗಟ್ಟಲೆ ತೇವ ಆರದಂತೆ ಗೋಣಿಚೀಲ ಹೊದಿಸಿ ಇಟ್ಟರು.

ಮೊದಲ ಮಳೆಗಾಲದಲ್ಲಿ ಗಚ್ಚು ಸೋರಲಿಲ್ಲ. ಸೋರಿದ್ದು ಆರ್‌ಸಿಸಿ ಗೋಡೆಗೆ ಪಡಸಾಲೆಯ ಮೇಲ್ಮೈ ತಾಗುವ ಗೆರೆಯಲ್ಲಿ. ಕಟ್ಟಿಗೆಯ ಮಾಳಿಗೆ ಬಿಸಿಲು-ಮಳೆಗೆ ಒಂದಿಷ್ಟು ಅಲುಗುತ್ತದೆ, ಆರ್‌ಸಿಸಿ ಬೇರೆ ರೀತಿ ಅಲುಗುತ್ತದೆ, ನಡುವಿನ ಗಾರೆ ಬಿರುಕು ಬಿಡುತ್ತದೆ. ಬಿರುಕಿಗೆ ಮತ್ತೆ ಗಾರೆ ತುಂಬುವ ಬದಲು, ಆರ್‌ಸಿಸಿ ಗೋಡೆಯಲ್ಲಿ ಉದ್ದಕ್ಕೂ ಸೀಳು ಕೊರೆದು ತಗಡಿನ ಒಂದು ಅಂಚನ್ನು ಅದರೊಳಗೆ ಸಿಕ್ಕಿಸಿ, ಇನ್ನೊಂದು ಅಂಚು ಗಚ್ಚಿನ ಮೇಲೆ ಸಡಿಲವಾಗಿ ಇಳಿಬೀಳುವಂತೆ ಮಾಡಿದೆವು. ಎರಡೂ ಕಡೆ ಬೇಕಾದಂತೆ ಅಲುಗಲಿ, ನೀರು ತಗಡಿನ ಮೇಲೆ ಜಾರಿ ಹೋಗುತ್ತದೆ. ಪಡುವಣ ಮೂಲೆಯ ನಾಲ್ಕು ಅಡಿಗೆ ತಗಡು ಸಾಲದೆ ಉಳಿದಿದೆ. ಮಿರಗದೊಳಗೆ ಮುಗಿಸಿ ಕೊಡಬೇಕೆಂದು ಮಾಸ್ತರರು ಫೋನು ಮಾಡುತ್ತಲೇ ಇದ್ದಾರೆ.